ಗೋದಾಮು ಕಟ್ಟುವವರ ವಾರ

ಮದುವೆಯ ಮನೆಯಲ್ಲಿ ವಧೂವರರಿಗಿಂತಲೂ ಪುರೋಹಿತರಿಗಿಂತಲೂ ಹೆಚ್ಚಾಗಿ ಎಲ್ಲರೂ ಹುಡುಕುವ ವ್ಯಕ್ತಿ ಯಾರು? ಅನುಭವಸ್ಥರಾದ ವಾಚಕರು ಕೂಡಲೆ ಉತ್ತರ ಹೇಳಬಲ್ಲರು: ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಸೋದರತ್ತೆ. ತೆಂಗಿನಕಾಯಿ ಎಷ್ಟು ಉಳಿದಿದೆ, ತುಪ್ಪದ ಎರಡನೆಯ ಡಬ್ಬವನ್ನು ಯಾವಾಗ ಒಡೆಯಬೇಕು, ಕೊನೆಯ ಪಂಕ್ತಿಗೆಂದು ತೆಗೆದಿರಿಸಿದ ಲಾಡು ಯಾವ ಬುಟ್ಟಿಯ ಕೆಳಗಿದೆ ಎಂಬುದೆಲ್ಲ ಆಕೆಯೊಬ್ಬಳಿಗೇ ಗೊತ್ತು. ಆಕೆ ಒಂದು ಗಳಿಗೆ ಕಣ್ಣು ಮುಚ್ಚಿದರೆ ಅಡುಗೆಯ ಭಟ್ಟರು ಕೈಕಟ್ಟಿ ಕುಳಿತುಕೊಳ್ಳಬೇಕಾಗುವುದು.

ಆ ಉಗ್ರಾಣವೇ ಈಗ ಊರನ್ನು ಬಿಟ್ಟು ಹೆದ್ದಾರಿಯ ಪಕ್ಕಕ್ಕೆ ಹೋಗಿ ಎಕರೆಗಟ್ಟಲೆ ಬೆಳೆದು ನಿಂತಿದೆ. ತುಮಕೂರಿನ ಬಸ್ಸು ನೆಲಮಂಗಲವನ್ನು ದಾಟಿದ ಮೇಲೆ, ಕೋಲಾರದ ಬಸ್ಸು ಹೊಸಕೋಟೆಯನ್ನು ಬಿಟ್ಟ ಮೇಲೆ, ಹೊರಗೆ ಕಣ್ಣು ಹಾಯಿಸಿದವರಿಗೆ ಬೂದು, ಬಿಳಿ, ನೀಲಿ ಬಣ್ಣದ ತಗಡಿನ ಉದ್ದನೆಯ ಕಟ್ಟಡಗಳು ಸಾಲುಸಾಲಾಗಿ ಕಾಣುವುವು. ಕಿಟಕಿಗಳಿಲ್ಲ, ಫಲಕ ಚಿಕ್ಕದು, ಗೇಟು ಮಾತ್ರ ಬಲು ದೊಡ್ಡದು. ಬೆಂಗಳೂರಿನ ಗೃಹಿಣಿ ಮೊಬೈಲ್ ಫೋನಿನಲ್ಲಿ ಬೆರಳಾಡಿಸಿ ತರಿಸುವ ಮಿಕ್ಸಿ, ಮಕ್ಕಳ ಪಾಠದ ಪುಸ್ತಕ, ಮಾವನವರ ಸಕ್ಕರೆ ಕಾಯಿಲೆಯ ಮಾತ್ರೆ ಇವುಗಳಲ್ಲಿ ಬಹುಪಾಲು ಇಂಥ ಛಾವಣಿಯ ಕೆಳಗೆ ಒಂದು ರಾತ್ರಿಯಾದರೂ ತಂಗಿಯೇ ಬಂದಿರುತ್ತವೆ.

ಈ ಕಟ್ಟಡಗಳ ಒಡೆಯರು ಸರಕಿನ ಒಡೆಯರಲ್ಲವೆಂಬುದು ಅನೇಕರಿಗೆ ತಿಳಿಯದು. ನೆಲವನ್ನು ಹೊಂದಿಸಿ, ಗೋದಾಮು ಕಟ್ಟಿಸಿ, ಅದನ್ನು ಬಾಡಿಗೆಗೆ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡ ಕಂಪೆನಿಗಳುಂಟು. ಅಂಥ ಒಂದು ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಮಿತ್ರರೊಬ್ಬರು, ತಮ್ಮ ಹೆಸರನ್ನಾಗಲಿ ಕಂಪೆನಿಯ ಹೆಸರನ್ನಾಗಲಿ ಎತ್ತಕೂಡದೆಂಬ ಷರತ್ತಿನ ಮೇಲೆ, ಕಳೆದ ಕಾರ್ತಿಕದಲ್ಲಿ ಒಂದು ವಾರ ತಮ್ಮ ಜೊತೆಯಲ್ಲಿ ತಿರುಗಾಡಲು ನನಗೆ ಅನುಮತಿ ಕೊಟ್ಟರು. “ಬನ್ನಿ ಮೇಷ್ಟ್ರೇ, ಕಟ್ಟಡ ನೋಡುವುದು ಅರ್ಧ ದಿವಸದ ಕೆಲಸ. ಉಳಿದ ಐದೂವರೆ ದಿವಸ ಮಾತು,” ಎಂದರು. ಅವರ ಮಾತು ಅಕ್ಷರಶಃ ನಿಜವಾಯಿತು.

ನೆಲದ ಸಮಾಚಾರ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾವು ದಾಬಸ್‌ಪೇಟೆಯ ಸಮೀಪದಲ್ಲಿದ್ದೆವು. ಮುಗಿಯುತ್ತ ಬಂದಿದ್ದ ಒಂದು ಗೋದಾಮಿನೊಳಗೆ ಹೋದೊಡನೆ ಮಿತ್ರರು ಮಾಡಿದ ಮೊದಲ ಕೆಲಸವೆಂದರೆ ಕುಕ್ಕರುಗಾಲಿನಲ್ಲಿ ಕುಳಿತು ನೆಲವನ್ನು ಅಂಗೈಯಿಂದ ಸವರಿ ನೋಡಿದ್ದು. ಛಾವಣಿ ಹನ್ನೆರಡು ಮೀಟರು ಎತ್ತರದಲ್ಲಿತ್ತು. ನಾನು ಅದನ್ನು ನೋಡಿ ಬೆರಗಾಗಿದ್ದೆ. ಅವರಿಗೆ ಅದರ ಪರಿವೆಯೇ ಇರಲಿಲ್ಲ.

“ನೆಲ ಕೂದಲೆಳೆಯಷ್ಟು ಓರೆಯಾದರೂ ಮೇಲೆ ಹೋಗುವ ಹೊತ್ತಿಗೆ ಅದು ಗೇಣುದ್ದವಾಗುತ್ತದೆ,” ಎಂದು ಅವರು ವಿವರಿಸಿದರು. ಕಬ್ಬಿಣದ ಚೌಕಟ್ಟುಗಳಲ್ಲಿ, ರ್‍ಯಾಕ್ ಎಂದು ಅವರು ಕರೆಯುವುದು, ಸರಕನ್ನು ಮರದ ಹಲಗೆಗಳ ಮೇಲೆ ಅಂತಸ್ತು ಅಂತಸ್ತಾಗಿ ಏರಿಸಿಡುವರು. ಪ್ಯಾಲೆಟ್ ಎಂಬ ಆ ಹಲಗೆಯನ್ನು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಕೆಳಗೆ ತುಸು ವಾಲಿದರೆ ತುದಿಯಲ್ಲಿರುವ ಹೊರೆ ಚೌಕಟ್ಟಿಗೆ ತಗಲುವುದು. ಆದ್ದರಿಂದ ಒಂದು ಚದರ ಮೀಟರಿಗೆ ಐದು ಟನ್ನು ಭಾರವನ್ನು ಹೊರುವಂತೆಯೂ ಗಾಜಿನಂತೆ ಸಮನಾಗಿರುವಂತೆಯೂ ನೆಲವನ್ನು ಹಾಕಬೇಕು. ಹೊರಗಡೆಯ ಅಂಗಳಕ್ಕಿಂತ ಒಳಗಿನ ನೆಲ ನಾಲ್ಕು ಅಡಿ ಎತ್ತರ. ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದರೆ ಅದರ ತಳವೂ ಗೋದಾಮಿನ ನೆಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಹಮಾಲಿಯ ಬೆನ್ನಿಗೆ ಮೂಟೆ ಏರುವ ಪ್ರಮೇಯವಿಲ್ಲ. ಯಶವಂತಪುರದ ಮಂಡಿಗಳಲ್ಲಿ ಐವತ್ತು ಕಿಲೋ ಚೀಲವನ್ನು ಹೊತ್ತು ಓಡುವ ಜನರನ್ನು ನೋಡಿದ್ದ ನನಗೆ ಈ ನಾಲ್ಕಡಿ ಎತ್ತರದ ಜಗಲಿಯೇ ಇಡೀ ಕಟ್ಟಡದಲ್ಲಿ ಅತ್ಯಂತ ಮಾನವೀಯವಾದ ಭಾಗವೆಂದು ತೋರಿತು. ಆ ಹಮಾಲಿಗಳು ಮುಂದೇನು ಮಾಡುವರೆಂಬ ಪ್ರಶ್ನೆಯೂ ಜೊತೆಯಲ್ಲೇ ಹುಟ್ಟಿತೆನ್ನಿ.

ಹೊರಡುವ ಮುಂಚೆ ಮಿತ್ರರು ಗೇಟಿನ ಬಳಿಯಿದ್ದ ಚಾಲಕರ ಕೊಠಡಿಯನ್ನು ನೋಡಲು ಹೋದರು. ನಲ್ಲಿ ತಿರುಗಿಸಿದರು, ನೀರು ಬರಲಿಲ್ಲ. ಅಷ್ಟು ಹೊತ್ತು ಮೃದುವಾಗಿ ಮಾತನಾಡುತ್ತಿದ್ದವರು ಗುತ್ತಿಗೆದಾರನ ಮೇಲೆ ಮೊದಲ ಸಲ ಸಿಡುಕಿದರು. “ಮೂರು ದಿವಸ ರಸ್ತೆಯ ಮೇಲಿದ್ದು ಬಂದವನು ಇಲ್ಲಿ ಸ್ನಾನ ಮಾಡಬೇಕಯ್ಯ. ಅವನು ಮರದ ಕೆಳಗೆ ಮಲಗಿ ಹೋದರೆ ನಮಗೇನು ಮರ್ಯಾದೆ?”

ತೆರಿಗೆ ಹಾಕಿದ ತಳಪಾಯ

ಇಷ್ಟು ದೊಡ್ಡ ಉಗ್ರಾಣಗಳು ಈಗೇಕೆ ಎದ್ದವು? ಇದಕ್ಕೆ ಉತ್ತರ ವಾಸ್ತುಶಾಸ್ತ್ರದಲ್ಲಿಲ್ಲ, ತೆರಿಗೆಯ ಕಾನೂನಿನಲ್ಲಿದೆ.

೨೦೧೭ರ ಜುಲೈ ೧ರ ತನಕ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸರಕನ್ನು ಮಾರಿದರೆ ಕೇಂದ್ರ ಮಾರಾಟ ತೆರಿಗೆಯನ್ನು ತೆರಬೇಕಾಗಿತ್ತು. ಆದರೆ ಅದೇ ಕಂಪೆನಿ ತನ್ನದೇ ಆದ ಇನ್ನೊಂದು ಗೋದಾಮಿಗೆ ಸರಕನ್ನು ಕಳುಹಿಸಿದರೆ ಅದು ಮಾರಾಟವಲ್ಲ, ತೆರಿಗೆಯೂ ಇಲ್ಲ. ಆದುದರಿಂದ ಸೋಪು ಮಾಡುವವನೂ ಬಣ್ಣ ಮಾಡುವವನೂ ರಾಜ್ಯಕ್ಕೊಂದರಂತೆ ಸಣ್ಣ ಸಣ್ಣ ಗೋಡೌನುಗಳನ್ನು ಹಿಡಿದಿಟ್ಟುಕೊಂಡಿದ್ದರು. ಅವು ಸರಕಿಗಾಗಿ ಇದ್ದುದಕ್ಕಿಂತ ಹೆಚ್ಚಾಗಿ ಲೆಕ್ಕಪತ್ರಕ್ಕಾಗಿ ಇದ್ದವು. ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ದಿನವೇ ಆ ಲೆಕ್ಕಾಚಾರ ತಲೆಕೆಳಗಾಯಿತು. ಹತ್ತು ಸಣ್ಣ ಗೋಡೌನುಗಳ ಬದಲು ಎರಡು ದೊಡ್ಡವು ಸಾಕಾದವು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರಕಾರವು ಗೋದಾಮುಗಳನ್ನು ರಸ್ತೆ, ಬಂದರುಗಳ ಸಾಲಿಗೆ ಸೇರಿಸಿ ‘ಮೂಲಸೌಕರ್ಯ’ವೆಂಬ ಸ್ಥಾನ ಕೊಟ್ಟಿತು. ಆದರೆ ಎಲ್ಲಕ್ಕೂ ಅಲ್ಲ: ಕನಿಷ್ಠ ೨೫ ಕೋಟಿ ರೂಪಾಯಿ ಬಂಡವಾಳ, ಕನಿಷ್ಠ ಒಂದು ಲಕ್ಷ ಚದರ ಅಡಿ ವಿಸ್ತಾರ ಇರಬೇಕು. ದೊಡ್ಡವರಿಗೆ ಸಾಲ ಸುಲಭವಾಯಿತು. ಸಣ್ಣವರು ಇದ್ದಲ್ಲೇ ಉಳಿದರು. ೨೦೧೮ರ ಏಪ್ರಿಲ್ ೧ರಂದು ಸರಕಿನೊಡನೆ ಚಲಿಸುವ ಇ-ವೇ ಬಿಲ್ ಪದ್ಧತಿ ಬಂದಾಗ ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಅನ್ವಯಿಸಿದ್ದು ನಮ್ಮ ಕರ್ನಾಟಕವೇ. ಆ ಚೀಟಿಯ ಆಯುಸ್ಸನ್ನು ಈಗ ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ಇನ್ನೂರು ಕಿಲೋಮೀಟರಿಗೆ ಒಂದು ದಿನ.

ನಮ್ಮ ಹಿರಿಯರ ಕಾಲದ ಗೋದಾಮುಗಳ ಉದ್ದೇಶವೇ ಬೇರೆಯಾಗಿತ್ತು. ಗ್ರಾಮೀಣ ಸಾಲದ ಬಗ್ಗೆ ೧೯೫೪ರಲ್ಲಿ ಗೋರ್ವಾಲಾ ಸಮಿತಿ ಕೊಟ್ಟ ವರದಿಯ ಫಲವಾಗಿ ೧೯೫೬ರಲ್ಲಿ ಕಾಯಿದೆಯಾಯಿತು, ೧೯೫೭ರಲ್ಲಿ ಕೇಂದ್ರ ಉಗ್ರಾಣ ನಿಗಮ ಹುಟ್ಟಿತು. ಅದೇ ವರ್ಷ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಹುಟ್ಟಿತು. ಸುಗ್ಗಿಯ ದಿನ ಬೆಲೆ ಬಿದ್ದಾಗ ರೈತ ತನ್ನ ಧಾನ್ಯವನ್ನು ಅಲ್ಲಿ ಇಟ್ಟು, ರಸೀದಿಯ ಮೇಲೆ ಸಾಲ ಪಡೆದು, ಒಳ್ಳೆಯ ಬೆಲೆ ಬರುವ ತನಕ ಕಾಯಲೆಂಬುದು ಅಂದಿನವರ ಹಂಬಲ. ಬೆಳೆದವನು ಕಾಯುವುದಕ್ಕೆಂದು ಕಟ್ಟಿದ ಉಗ್ರಾಣಗಳು ಅವು. ಕೊಳ್ಳುವವನು ಕಾಯದಿರಲೆಂದು ಕಟ್ಟುತ್ತಿರುವವು ಇವು.

ಕಚೇರಿಯ ಬೆಂಚು

ಮಂಗಳವಾರವೆಲ್ಲ ಸರಕಾರದೊಡನೆ. ರಾಜ್ಯದಲ್ಲಿ ಹದಿನೈದು ಕೋಟಿಯ ತನಕದ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಸಮಿತಿಯೂ, ಅಲ್ಲಿಂದ ಐನೂರು ಕೋಟಿಯವರೆಗಿನದನ್ನು ಕೈಗಾರಿಕಾ ಮಂತ್ರಿಗಳ ಸಮಿತಿಯೂ, ಅದಕ್ಕೂ ಮೇಲಿನದನ್ನು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಮಿತಿಯೂ ಪರಿಶೀಲಿಸುವುದು ೨೦೦೨ರ ಕಾಯಿದೆಯ ಏರ್ಪಾಡು. ಇದಕ್ಕೆ ಏಕಗವಾಕ್ಷಿ ಎಂದು ಹೆಸರು. ಸಂಸ್ಕೃತದಲ್ಲಿ ಗವಾಕ್ಷವೆಂದರೆ ಹಸುವಿನ ಕಣ್ಣು. ಕನ್ನಡದ ಮೇಷ್ಟರು ಇಂಥದನ್ನು ಹೇಳದೆ ಇರಲಾರರು, ವಾಚಕರು ಕ್ಷಮಿಸಬೇಕು.

ಗವಾಕ್ಷಿ ಒಂದೇ ಆದರೂ ಒಳಗೆ ಹಾಯಬೇಕಾದ ಕಾಗದಗಳು ಹಲವು: ಭೂಪರಿವರ್ತನೆ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಮಾಲಿನ್ಯ ಮಂಡಳಿಯ ಒಪ್ಪಿಗೆ, ವಿದ್ಯುತ್ತು, ನೀರು, ಪಂಚಾಯಿತಿಯ ಕಂದಾಯ. ಅಂದು ಮಿತ್ರರು ಹೋಗಿದ್ದುದು ರಸ್ತೆಯ ಅಗಲದ ವಿಷಯಕ್ಕೆ. ಗೋದಾಮಿನ ಮುಂದಿನ ಹಳ್ಳಿಯ ದಾರಿ ಎತ್ತಿನ ಗಾಡಿಯ ಕಾಲದ್ದು. ಅದರಲ್ಲಿ ನಲವತ್ತಡಿ ಕಂಟೇನರು ತಿರುಗಬೇಕು. ಒಂದು ಕಚೇರಿಯ ಬೆಂಚಿನ ಮೇಲೆ ನಾವು ಎರಡೂಕಾಲು ಗಂಟೆ ಕುಳಿತೆವು. ಕೋಟಿಗಟ್ಟಲೆ ರೂಪಾಯಿಯ ಮಾತನಾಡುವ ಈ ಮನುಷ್ಯ, ಮಗಳ ಜನನ ಪತ್ರಕ್ಕಾಗಿ ಬಂದಿದ್ದ ಆಟೋ ಚಾಲಕರೊಬ್ಬರ ಪಕ್ಕದಲ್ಲಿ ಕುಳಿತು ಅವರ ಅರ್ಜಿಯನ್ನು ತುಂಬಿಕೊಟ್ಟರು. ಒಳಗೆ ಕರೆ ಬಂದಾಗ ಮಾತು ಹತ್ತೇ ನಿಮಿಷದಲ್ಲಿ ಮುಗಿಯಿತು, ಆ ಅಧಿಕಾರಿಗಳು ನಕ್ಷೆಯನ್ನು ಚೆನ್ನಾಗಿ ಓದಿಕೊಂಡಿದ್ದರು, ಕೇಳಿದ ಪ್ರಶ್ನೆ ಒಂದೇ: “ಈ ರಸ್ತೆಯಲ್ಲೇ ಶಾಲೆಯಿದೆಯಲ್ಲ, ಮಕ್ಕಳು ದಾಟುವುದೆಲ್ಲಿ?” ಮಿತ್ರರ ನಕ್ಷೆಯಲ್ಲಿ ಶಾಲೆ ಇರಲಿಲ್ಲ. ಕಾರಿಗೆ ಹಿಂದಿರುಗುವಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಬುಧವಾರ ಅವರು ದೆಹಲಿಗೆ ಹಾರಿದರು. ನಾನು ಹೋಗಲಿಲ್ಲ. ೨೦೨೨ರಲ್ಲಿ ಉದ್ಘಾಟನೆಯಾದ ವಾಣಿಜ್ಯ ಭವನದಲ್ಲಿ ಉದ್ಯಮದವರ ಒಂದು ನಿಯೋಗದೊಡನೆ ಅಧಿಕಾರಿಗಳನ್ನು ಕಂಡು ರಾತ್ರಿಯೇ ಹಿಂದಿರುಗಿದ ಅವರು ತಂದ ಸುದ್ದಿಯಲ್ಲಿ ಒಂದು ಸ್ವಾರಸ್ಯವಿತ್ತು. ನಮ್ಮ ದೇಶದಲ್ಲಿ ಸರಕು ಸಾಗಣೆಯ ವೆಚ್ಚ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ೧೩-೧೪ರಷ್ಟೆಂದು ವರ್ಷಾನುಗಟ್ಟಲೆ ಭಾಷಣಗಳಲ್ಲಿ ಹೇಳುತ್ತ ಬಂದರು. ೨೦೨೨ರ ರಾಷ್ಟ್ರೀಯ ಸರಕು ಸಾಗಣೆ ನೀತಿಯ ಹೊತ್ತಿಗೂ ಆ ಮಾತು ಚಾಲ್ತಿಯಲ್ಲಿತ್ತು. ೨೦೨೫ರಲ್ಲಿ ಸರಕಾರ ಪ್ರಕಟಿಸಿದ ಹೊಸ ಲೆಕ್ಕದಂತೆ ೨೦೨೩-೨೪ರಲ್ಲಿ ಅದು ಕೇವಲ ೭.೯೭. “ನಮ್ಮ ಬೇಡಿಕೆಗಳೆಲ್ಲ ಆ ಹದಿಮೂರರ ಮೇಲೆ ನಿಂತಿದ್ದವು. ರೋಗ ಇಷ್ಟೊಂದಿಲ್ಲ ಎಂದು ವೈದ್ಯರು ಹೇಳಿದರೆ ಸಂತೋಷಪಡಬೇಕಷ್ಟೆ. ಆದರೆ ರಜದ ಅರ್ಜಿ ಬರೆದವನಿಗೆ ಸ್ವಲ್ಪ ಕಷ್ಟ,” ಎಂದು ನಕ್ಕರು.

ಹೋಟೆಲಿನಲ್ಲಿ ಮೌನ

ಗುರುವಾರ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಉದ್ಯಮದವರ ಸಮಾವೇಶ. ತಂಪು ಹವೆ, ಕರಿಯ ಕೋಟುಗಳು, ಕೊರಳಿಗೆ ತೂಗುಹಾಕಿದ ಹೆಸರಿನ ಚೀಟಿಗಳು, ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಎಲ್ಲರೂ ಎಲ್ಲರನ್ನೂ ಹೊಗಳಿದರು. ದಾಬಸ್‌ಪೇಟೆಯ ಹತ್ತಿರ ೪೦೦ ಎಕರೆಯಲ್ಲಿ, ರೈಲನ್ನೂ ರಸ್ತೆಯನ್ನೂ ಒಂದೇ ಅಂಗಳದಲ್ಲಿ ಕೂಡಿಸುವಂತೆ ಸರಕಾರ ಹಾಗೂ ಖಾಸಗಿಯವರ ಸಹಭಾಗಿತ್ವದಲ್ಲಿ ೧,೭೭೦ ಕೋಟಿ ರೂಪಾಯಿ ಅಂದಾಜಿನಿಂದ ಯೋಜಿಸಿರುವ ಬಹುಮಾದರಿ ಸರಕು ಸಾಗಣೆ ಪಾರ್ಕಿನ ಪ್ರಸ್ತಾಪ ಬಾರದ ಭಾಷಣವೇ ಇರಲಿಲ್ಲ.

ಊಟವಾದ ಮೇಲೆ, ಅರ್ಧ ಸಭೆ ತೂಕಡಿಸುವ ಹೊತ್ತಿನಲ್ಲಿ, ನಮ್ಮ ಮಿತ್ರರ ಸರದಿ. ಅವರು ಪರದೆಯನ್ನು ಆರಿಸಿಬಿಡಲು ಹೇಳಿದರು. ನಂತರ ಮೂರು ದಿನಾಂಕಗಳನ್ನು ಓದಿದರು. ೨೦೨೨ರ ಮಾರ್ಚ್ ೨೩: ಸಿಕಂದರಾಬಾದಿನ ಭೋಯಿಗುಡದಲ್ಲಿ ಗುಜರಿ ಗೋದಾಮಿಗೆ ಬೆಂಕಿ ಬಿದ್ದು ಮಹಡಿಯ ಮೇಲೆ ಮಲಗಿದ್ದ ಬಿಹಾರದ ೧೧ ಮಂದಿ ಕೂಲಿಗಾರರ ಸಾವು. ೨೦೨೩ರ ಅಕ್ಟೋಬರ್ ೭: ನಮ್ಮ ಅತ್ತಿಬೆಲೆಯಲ್ಲಿ ದೀಪಾವಳಿಗೆಂದು ಪಟಾಕಿ ದಾಸ್ತಾನು ಮಾಡಿದ್ದ ಮಳಿಗೆ ಹೊತ್ತಿ ಉರಿದು ಹದಿನಾಲ್ಕಕ್ಕೂ ಹೆಚ್ಚು ಜನರ ಸಾವು. ಅದೇ ವರ್ಷ ಡಿಸೆಂಬರ್ ೪: ವಿಜಯಪುರದ ಧಾನ್ಯ ಸಂಸ್ಕರಣ ಘಟಕದಲ್ಲಿ ಮೆಕ್ಕೆಜೋಳ ತುಂಬಿದ ಶೇಖರಣೆಯ ರಚನೆ ಕುಸಿದು, ಮೂಟೆಗಳ ರಾಶಿಯಡಿ ಸಿಕ್ಕಿ ಬಿಹಾರದ ಏಳು ಮಂದಿ ಕಾರ್ಮಿಕರ ಸಾವು.

“ಇವು ಯಾವುವೂ ನಮ್ಮ ಕಟ್ಟಡಗಳಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳಬಹುದು,” ಎಂದರು ಅವರು. “ನಮ್ಮಲ್ಲಿ ನೀರಿನ ತೊಟ್ಟಿಯಿದೆ, ಛಾವಣಿಯಲ್ಲಿ ಸ್ಪ್ರಿಂಕ್ಲರ್ ಇದೆ. ಆದರೆ ಬಾಡಿಗೆ ಎರಡು ರೂಪಾಯಿ ಕಡಿಮೆಯೆಂದು ನಮ್ಮನ್ನು ಬಿಟ್ಟು ಹೋಗುವ ಗಿರಾಕಿ ಯಾವ ಕಟ್ಟಡಕ್ಕೆ ಹೋಗುತ್ತಾನೆ ಎಂಬುದು ಈ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು. ಆ ಗಿರಾಕಿಗಳೂ ಇಲ್ಲೇ ಕುಳಿತಿದ್ದಾರೆ.” ಬೆಂಗಳೂರಿನ ಸುತ್ತ ಒಳ್ಳೆಯ ಗೋದಾಮಿನ ಬಾಡಿಗೆ ಚದರ ಅಡಿಗೆ ತಿಂಗಳಿಗೆ ಇಪ್ಪತ್ತರಿಂದ ಇಪ್ಪತ್ತೈದು ರೂಪಾಯಿಯ ಆಸುಪಾಸಿನಲ್ಲಿರುವಾಗ ಎರಡು ರೂಪಾಯಿ ಎಂದರೆ ಸಣ್ಣ ಮಾತಲ್ಲ. ಚಪ್ಪಾಳೆ ಬೀಳಲಿಲ್ಲ. ಚಹದ ಸಮಯದಲ್ಲಿ ಒಬ್ಬರು ಬಂದು, ಇಂಥ ಸಭೆಯಲ್ಲಿ ಅದು ಬೇಕಿರಲಿಲ್ಲವೆಂದು ಮೆಲ್ಲಗೆ ಹೇಳಿ ಹೋದರು. ಇನ್ನೊಬ್ಬರು ತಮ್ಮ ಹಳೆಯ ಗೋಡೌನಿಗೆ ಸ್ಪ್ರಿಂಕ್ಲರ್ ಹಾಕಿಸಲು ಎಷ್ಟಾದೀತೆಂದು ಕೇಳಿ ಬರೆದುಕೊಂಡರು.

ಶುಕ್ರವಾರ ದೂರವಾಣಿಯಲ್ಲಿಯೇ ಕಳೆಯಿತು. ಬಾಡಿಗೆದಾರರು ಮೂರು ವರ್ಷಕ್ಕಿಂತ ಹೆಚ್ಚು ಕಟ್ಟುಬೀಳಲು ಒಪ್ಪರು. ಸಾಲ ಕೊಡುವ ಬ್ಯಾಂಕು ಹತ್ತು ವರ್ಷದ ಭರವಸೆ ಬೇಡುವುದು. ಇವರಿಬ್ಬರ ನಡುವೆ ನಿಂತವನ ಗಂಟಲು ಒಣಗುವುದು. ಹೆಚ್ಚಿಗೆ ಬರೆಯುವಂಥದ್ದೇನೂ ಇಲ್ಲ.

ಅಕ್ಕನ ಪಾಲು

ಶನಿವಾರ ಮತ್ತೆ ಹಳ್ಳಿಯ ಕಡೆ. ಇಕ್ಕೆಲದಲ್ಲಿ ತೆನೆ ಬಾಗಿದ ರಾಗಿಯ ಹೊಲ, ನಡುವೆ ಅವರೆಯ ಸಾಲು, ಬದುವಿನಲ್ಲಿ ಹುಣಿಸೆಮರ. ಮುಂದಿನ ಗೋದಾಮಿಗೆ ಮೂವತ್ತು ಎಕರೆ ಬೇಕು, ಇಪ್ಪತ್ತೊಂದಕ್ಕೆ ಮಾತಾಗಿದೆ. ಉಳಿದ ಒಂಬತ್ತು ಎಕರೆ ಮೂವರು ಅಣ್ಣತಮ್ಮಂದಿರದು. ರಸ್ತೆಗೆ ದಾರಿ ಅದರ ಮೂಲಕವೇ.

ಕೃಷಿಕರಲ್ಲದವರು ಬೇಸಾಯದ ನೆಲ ಕೊಳ್ಳುವುದಕ್ಕಿದ್ದ ತಡೆಯನ್ನು ನಮ್ಮ ರಾಜ್ಯ ೨೦೨೦ರಲ್ಲಿ ತೆಗೆದುಹಾಕಿತು. ಕಾನೂನಿನ ಬೇಲಿ ಹೋಯಿತೆಂದು ಮನಸ್ಸಿನ ಬೇಲಿ ಹೋಗುವುದೆ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಗುರುತಿಸಿದ್ದ ೧,೭೭೭ ಎಕರೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದರು; ೨೦೨೫ರ ಜುಲೈ ೧೫ರಂದು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಆ ಸುದ್ದಿ ಈ ಜಗಲಿಯ ಮೇಲೂ ಬಂದು ಕುಳಿತಿತ್ತು. ಇಲ್ಲಿ ಸ್ವಾಧೀನದ ಮಾತಿಲ್ಲ, ಒಪ್ಪಿದರೆ ಮಾತ್ರ ವ್ಯವಹಾರ ಎಂದು ಮಿತ್ರರು ಎರಡು ಸಲ ಹೇಳಬೇಕಾಯಿತು.

ಸೋದರರಿಗೆ ಮಾರುವ ಮನಸ್ಸು. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ಬತ್ತಿದ ಬೋರ್‌ವೆಲ್ಲಿನ ಸಾಲ, ಕಿರಿಯವನಿಗೆ ಪಟ್ಟಣದ ಆಸೆ. ಆದರೆ ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ತಂದೆ ಆಗ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಮಾಗಡಿಯ ಕಡೆಗೆ ಮದುವೆಯಾಗಿ ಹೋಗಿದ್ದ ಅಕ್ಕನ ರುಜು ಅವಶ್ಯಕ. ಆಕೆ ಬಂದಿದ್ದರು. ಅರುವತ್ತರ ಆಸುಪಾಸಿನ ವಯಸ್ಸು, ಎಲೆ ಅಡಕೆ ತುಂಬಿದ ಬಾಯಿ, ತೀಕ್ಷ್ಣವಾದ ಕಣ್ಣು. ಮಾರಲು ಅವರು ಒಪ್ಪರು. ಭೋಗ್ಯಕ್ಕೋ ಗುತ್ತಿಗೆಗೋ ಆದರೆ ನೋಡೋಣ ಎಂದರು. ಅದಕ್ಕೂ ಮಿತ್ರರು ಸಿದ್ಧರಾಗಿಯೇ ಬಂದಿದ್ದರು. ಚೀಲದಿಂದ ಮೂವತ್ತು ವರ್ಷದ ಗುತ್ತಿಗೆಯ ಕರಡನ್ನು ತೆಗೆದಿಟ್ಟರು. ಅದು ನಲವತ್ತೆರಡು ಪುಟಗಳ ಇಂಗ್ಲಿಷು.

“ಇವರು ಮೇಷ್ಟ್ರಲ್ವಾ? ಓದಿ ಹೇಳ್ಲಿ,” ಎಂದರು ಆ ತಾಯಿ ನನ್ನ ಕಡೆ ತಿರುಗಿ.

ನಾನು ಮಿತ್ರರ ಮುಖ ನೋಡಿದೆ. ಅವರು ತಲೆಯಾಡಿಸಿದರು. ಒಂದೊಂದೇ ಕಲಮನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಬಾಡಿಗೆ ಎಷ್ಟು, ಮೂರು ವರ್ಷಕ್ಕೊಮ್ಮೆ ಏರುವುದೆಷ್ಟು, ಕಂದಾಯ ಯಾರದು. ಹುಣಿಸೆಮರದ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಆಕೆ ಅದನ್ನೂ ಕೇಳಿದರು. ಹದಿನೇಳನೆಯ ಕಲಮಿಗೆ ಬಂದಾಗ ನನ್ನ ನಾಲಗೆ ಸ್ವಲ್ಪ ತಡವರಿಸಿತು. ಭೂಮಿಯ ಒಡೆಯರು ಮೂವತ್ತು ವರ್ಷ ಕರಾರನ್ನು ಮುರಿಯುವಂತಿಲ್ಲ. ಕಂಪೆನಿಯು ಆರು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂದು ಅದರಲ್ಲಿತ್ತು.

ಆಕೆ ಎಲೆಯನ್ನು ಉಗಿದು ಬಂದು ಕುಳಿತರು. “ಹಂಗಾರೆ ಗಂಡು ಬಿಟ್ಟೋಗ್ಬೋದು, ಹೆಣ್ಣು ಬಿಡಂಗಿಲ್ಲ ಅಂದಂಗಾತು.”

ತಮ್ಮಂದಿರು ನಕ್ಕರು. ಮಿತ್ರರೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿದ್ದವು. “ಇದು ಎಲ್ಲ ಕಡೆಯೂ ಇರುವ ವಾಡಿಕೆಯಮ್ಮ,” ಎಂದರು.

“ಯಾರ್ ವಾಡಿಕೆ ಸ್ವಾಮಿ? ಈ ತಗಡು, ಕಾಂಕ್ರೀಟು ಎಲ್ಲಾ ಹೊಲದ ಮೇಲೆ ಹಾಕಿ ನೀವು ಆರು ತಿಂಗ್ಳಿಗೆ ಹೋದ್ರೆ, ಆ ನೆಲದಾಗೆ ನಾನು ಏನ್ ಬಿತ್ಲಿ?”

ಇದಕ್ಕೆ ಮಿತ್ರರು ಕೂಡಲೆ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಅವರ ಮೇಲಿನ ಗೌರವ ಕಡಿಮೆಯಾಗುತ್ತಿತ್ತು. ಲೇಖನಿ ತೆಗೆದು ಹದಿನೇಳನೆಯ ಕಲಮಿನ ಪಕ್ಕದಲ್ಲಿ ಏನನ್ನೋ ಬರೆದುಕೊಂಡರು. ಬಿಟ್ಟುಹೋಗುವುದಾದರೆ ನೆಲವನ್ನು ಮೊದಲಿನಂತೆ ಮಾಡಿಕೊಡುವ ಖರ್ಚನ್ನು ಮುಂಚೆಯೇ ಠೇವಣಿ ಇಡಲು ಸಾಧ್ಯವೇ ಎಂದು ಮುಂಬಯಿಯ ಕಚೇರಿಯನ್ನು ಕೇಳುವುದಾಗಿ ಹೇಳಿದರು. ಒಪ್ಪುವರೆಂದು ಮಾತು ಕೊಡಲಾರೆನೆಂದೂ ಹೇಳಿದರು.

“ಕೇಳ್ಕೊಂಡು ಬನ್ನಿ. ಬರುವಾಗ ಈ ಪುಸ್ತಕಾನ ಕನ್ನಡದಾಗೆ ಬರ್ಸ್ಕೊಂಡು ಬನ್ನಿ. ನಮ್ಮ ಮೊಮ್ಮಗಳು ಓದ್ತಾಳೆ,” ಎಂದು ಆಕೆ ಎದ್ದು ಒಳಗೆ ಹೋಗಿ, ನಮ್ಮ ಮುಂದೆ ಸೊಗಡಿನ ಅವರೆಕಾಳಿನ ಉಸಲಿಯನ್ನು ತಂದಿಟ್ಟರು. ಮುಂದಿನ ಭೇಟಿ ರಾಗಿಯ ಕೊಯ್ಲಾದ ಮೇಲೆಂದು ಗೊತ್ತಾಯಿತು. ಆ ನಲವತ್ತೆರಡು ಪುಟಗಳು ಈಗ ನನ್ನ ಮೇಜಿನ ಮೇಲಿವೆ. ಹನ್ನೊಂದನೆಯ ಪುಟದ ತನಕ ಕನ್ನಡವಾಗಿದೆ.